ಇಳಿದ ದಿನದ ಬೆಲೆ

ತಮಿಳುನಾಡಿನ ಹೊಸೂರಿನಲ್ಲಿ, ಬಾಗಲೂರು ರಸ್ತೆ ಕಡೆಯ ಬಡಾವಣೆಯೊಂದರಲ್ಲಿ ನಮಗೊಂದು ಸೈಟಿದೆ. ಕೊಂಡದ್ದು 2009ರಲ್ಲಿ. ಸಂಜೆಯಾದರೆ ಆ ಕಡೆ ಆಟೋದವರು ಬರಲು ಒಪ್ಪದ ಕಾಲ ಅದು. ಭಾರತ ಸರ್ಕಾರದ ಲೆಕ್ಕದಲ್ಲಿ ಅದರ ಅಸಲು ಆ ವರ್ಷದ ಕ್ರಯಪತ್ರದಲ್ಲಿರುವ ಮೊತ್ತ. ಕೆನಡಾ ಸರ್ಕಾರದ ಲೆಕ್ಕ ಬೇರೆ. ಅವರ ಪ್ರಕಾರ ನಾವು ಆ ಸೈಟು ಕೊಂಡದ್ದು 2025ರ ಮೇ ತಿಂಗಳಲ್ಲಿ, ಕಾಯಂ ನಿವಾಸದ (ಪಿಆರ್) ಕಾಗದ ಹಿಡಿದು ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದ ದಿನ, ಆ ದಿನದ ಮಾರುಕಟ್ಟೆ ಬೆಲೆಗೆ. ಇದನ್ನು ಹೇಳಿದಾಗ ನಮ್ಮ ಮಾವ, "ಏನಮ್ಮಾ, ಸಬ್ ರಿಜಿಸ್ಟ್ರಾರು ಇಮಾನದಾಗೇ ಕೂತಿದ್ನಾ?" ಅಂತ ಕೇಳಿ ನಕ್ಕರು.

ರಿಜಿಸ್ಟ್ರಾರೂ ಇಲ್ಲ, ಸ್ಟಾಂಪು ಕಾಗದವೂ ಇಲ್ಲ. ನೆಲೆಸಲು ಬಂದವರ ಆಸ್ತಿಗೆ ಅಲ್ಲಿಯ ತೆರಿಗೆ ಕಾನೂನು ಎಳೆಯುವ ಗೆರೆ ಅದು. ಗೆರೆಯ ಹಿಂದೆ ಏರಿದ ಬೆಲೆಯಲ್ಲಿ ಅವರಿಗೆ ಪಾಲು ಬೇಡ, ಮುಂದೆ ಏರುವುದರಲ್ಲಿ ಬೇಕು. ಸಂಸಾರ ಸಮೇತ ಬಂದವರಿಗೆ ಆ ಗೆರೆ ಸಾಮಾನ್ಯವಾಗಿ ಇಳಿದ ದಿನವೇ. ಪಿಆರ್ ಊರ್ಜಿತ ಮಾಡಿಕೊಳ್ಳಲು ನಾಲ್ಕು ದಿನ ಹೋಗಿ ಮರಳಿ ಬಂದು, ಆಮೇಲೆ ನಿಧಾನವಾಗಿ ಹೊರಡುವ 'ಸಾಫ್ಟ್ ಲ್ಯಾಂಡಿಂಗ್' ಮಂದಿಗೆ ಮಾತ್ರ ನಿಜವಾಗಿ ಮನೆ ಹೂಡಿದ ದಿನವನ್ನು ನೋಡುತ್ತಾರೆ. ಸೈಟಿಗೆ ಹೇಗೋ ಶೇರು, ಮ್ಯೂಚುವಲ್ ಫಂಡುಗಳಿಗೂ ಹಾಗೇ. ಶೇರಿನ ಆ ದಿನದ ಬೆಲೆ ಹತ್ತು ವರ್ಷ ಬಿಟ್ಟರೂ ಸಿಗುತ್ತದೆ. ಸೈಟಿನದು ಸಿಗುವುದಿಲ್ಲ. ಅದನ್ನು ಹೊರಡುವ ಹೊತ್ತಿಗೇ ಬರೆಸಿಟ್ಟುಕೊಳ್ಳಬೇಕು.

ನಾನು ಹೊಸೂರಿನ ಕೈಗಾರಿಕಾ ಪ್ರದೇಶವಾದ ಸಿಪ್‌ಕಾಟ್‌ನ ಸಣ್ಣ ಕಾರ್ಖಾನೆಗಳ ಲೆಕ್ಕ ಬರೆದು ಬದುಕಿದವಳು. ನಮ್ಮ ಕಡೆ ಮನೆಮಾತು ಕನ್ನಡ, ಅಂಗಡಿಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ತಮಿಳು. ಪಟ್ಟಾ, ವಿಲ್ಲಂಗ (ಋಣಭಾರ) ಸರ್ಟಿಫಿಕೇಟು ಎಲ್ಲ ತಮಿಳಿನಲ್ಲೇ. ಹಾಗಾಗಿ ನೋಂದಾಯಿತ ಮೌಲ್ಯಮಾಪಕರೊಬ್ಬರನ್ನು ಹಿಡಿದು, ಇಂಗ್ಲಿಷಿನಲ್ಲಿ, ತಾರೀಖು ಹಾಕಿದ ವರದಿ ಪಡೆದೆವು. ಸರ್ಕಾರದ ಗೈಡ್‌ಲೈನ್ ವ್ಯಾಲ್ಯೂ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ನೋಂದಣಿ ಶುಲ್ಕ ಕಟ್ಟುವಾಗ ಅದು ಕಡಿಮೆ ಇದ್ದಷ್ಟೂ ನಮಗೆ ಖುಷಿ. ಇಲ್ಲಿ ಅದೇ ತಿರುಗುಬಾಣ. ಇಳಿದ ದಿನದ ಬೆಲೆ ಕಡಿಮೆ ತೋರಿಸಿದಷ್ಟೂ ಮುಂದೆ ಮಾರುವಾಗ ಲಾಭ ಹೆಚ್ಚು ಕಾಣುತ್ತದೆ, ತೆರಿಗೆಯೂ ಹೆಚ್ಚು.

ಹಾಗೆಂದು ದಲ್ಲಾಳಿ ಹೇಳುವ ರೇಟನ್ನೂ ಬರೆಸುವಂತಿಲ್ಲ. 2024ರ ಜೂನ್ 27ರಂದು ಆಗ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಅವರು ವಿಧಾನಸಭೆಯಲ್ಲಿ, ಹೊಸೂರಿಗೆ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬರುತ್ತದೆ ಎಂದು ಘೋಷಿಸಿದರು. ಮಾರನೆಯ ವಾರದಿಂದ ನಮ್ಮ ಬೀದಿಯ ದಲ್ಲಾಳಿಗಳ ಬಾಯಲ್ಲಿ ಚದರಡಿ ಲೆಕ್ಕವೇ ಬದಲಾಯಿತು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಸುತ್ತ 2033ರವರೆಗೆ ಇನ್ನೊಂದು ಬರಬಾರದು ಎಂಬ ಷರತ್ತಿದೆ ಅನ್ನುವುದನ್ನು ಅವರು ಯಾರಿಗೂ ಹೇಳಲಿಲ್ಲ. ಹೊಸೂರಿನ ಹತ್ತಿರದ ಬೆಳಗೊಂಡಪಲ್ಲಿಯಲ್ಲಿ ಖಾಸಗಿ ಕಂಪನಿಯೊಂದರ ರನ್‌ವೇ ಬಹಳ ಹಿಂದಿನಿಂದಲೂ ಇದೆ, ಆದರೆ ಅಲ್ಲಿಂದ ನಮ್ಮಂಥವರು ಎಲ್ಲಿಗೂ ಹಾರಲಾಗದು. ನಮ್ಮ ಮೌಲ್ಯಮಾಪಕರು ಒಳ್ಳೆಯವರು. ಕಟ್ಟದ ನಿಲ್ದಾಣವನ್ನು ಪಕ್ಕಕ್ಕಿಟ್ಟು, ಅಕ್ಕಪಕ್ಕದ ಸೈಟುಗಳು ನಿಜವಾಗಿ ನೋಂದಣಿಯಾದ ವಹಿವಾಟು ನೋಡಿ ಬೆಲೆ ಬರೆದರು.

ಕೆನಡಾದಲ್ಲಿ ಇನ್ನೊಂದು ನಿಯಮವೂ ಇದೆ. ಹೊರದೇಶದ ಆಸ್ತಿಯ ಅಸಲು ಒಟ್ಟು 1 ಲಕ್ಷ ಕೆನಡಾ ಡಾಲರ್ ದಾಟಿದರೆ, ಎರಡನೆಯ ವರ್ಷದಿಂದ ಟಿ1135 ಎಂಬ ಫಾರಂ ತುಂಬಬೇಕು. ನಾವು ಹೊರಟಾಗಿನ ದರದಲ್ಲಿ ಅದು ಸುಮಾರು 62 ಲಕ್ಷ ರೂಪಾಯಿ. ಕುಟುಂಬ ವಾಸಕ್ಕೆಂದೇ ಇರುವ ಮನೆ ಲೆಕ್ಕಕ್ಕಿಲ್ಲ, ಖಾಲಿ ಸೈಟು, ಬಾಡಿಗೆ ಮನೆ, ಎಫ್‌ಡಿ, ಶೇರು ಎಲ್ಲ ಸೇರುತ್ತವೆ. ಅದು ಮಾಹಿತಿ ಮಾತ್ರ, ತೆರಿಗೆಯಲ್ಲ. ತುಂಬದಿದ್ದರೆ ದಿನಕ್ಕೆ 25 ಡಾಲರಿನಂತೆ 2,500ರವರೆಗೆ ದಂಡ.

ಇದೇ ಸೈಟಿನ ಭಾರತದ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಜಮೀನು, ಮನೆ ಮಾರುವಾಗ ಇಂಡೆಕ್ಸೇಶನ್ (ಹಣದುಬ್ಬರದ ಹೊಂದಾಣಿಕೆ) ಇಲ್ಲದೆ ಶೇ. 12.5, ಇಂಡೆಕ್ಸೇಶನ್ ಸಹಿತ ಶೇ. 20, ಇವೆರಡರಲ್ಲಿ ಕಡಿಮೆ ಬಂದದ್ದನ್ನು ಕಟ್ಟುವ ಅವಕಾಶ ನಿವಾಸಿಗಳಿಗಿದೆ. ಅನಿವಾಸಿಗಳಿಗೆ ಇಲ್ಲ. ನಿವಾಸಿ ಮಾರಿದರೆ, ಬೆಲೆ 50 ಲಕ್ಷ ಮುಟ್ಟಿದಾಗ ಕೊಳ್ಳುವವರು ಹಿಡಿಯುವ ಟಿಡಿಎಸ್ ಶೇ. 1. ಅನಿವಾಸಿ ಮಾರಿದರೆ ಆ ಮಿತಿಯೇ ಇಲ್ಲ, ಲಾಭದ ಮೇಲಿನ ಪೂರ್ತಿ ದರದಲ್ಲಿ ಹಿಡಿಯಬೇಕು. ಈ ತಲೆನೋವು ಬೇಡ ಎಂದು ಕೊಳ್ಳುವವರೇ ಹಿಂದೆ ಸರಿಯುವುದುಂಟು. ನಿವಾಸಿಯೋ ಅನಿವಾಸಿಯೋ ಎನ್ನುವುದು ಇಡೀ ಆರ್ಥಿಕ ವರ್ಷಕ್ಕೆ ಅನ್ವಯಿಸುವ ಮಾತು. ಮೇ ತಿಂಗಳಲ್ಲಿ ಹೊರಟವರಿಗೆ ಆ ವರ್ಷ 182 ದಿನ ತುಂಬುವುದಿಲ್ಲ, ಅಕ್ಟೋಬರ್ ಕಳೆದು ಹೊರಟವರಿಗೆ ತುಂಬಿರುತ್ತದೆ. ಮಾರುವುದು ಖಚಿತವಿದ್ದರೆ ಟಿಕೆಟ್ಟಿನ ದರ ನೋಡುವ ಮುಂಚೆ ಈ ಲೆಕ್ಕ ನೋಡಬೇಕು. ಕೃಷಿ ಜಮೀನಿರುವ ತಳಿ, ಡೆಂಕಣಿಕೋಟೆ ಕಡೆಯವರಿಗೆ ಒಂದು ಸಮಾಧಾನ: ಇಲ್ಲಿದ್ದಾಗ ಕೊಂಡ ಹೊಲವನ್ನು ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಬಹುದು. ಹೊಸದಾಗಿ ಕೊಳ್ಳುವಂತಿಲ್ಲ, ಅಷ್ಟೇ.

ಇನ್ನು ಫಂಡ್ಸ್ ತೋರಿಸುವ ವಿಷಯ. ಎಕ್ಸ್‌ಪ್ರೆಸ್ ಎಂಟ್ರಿಯ ಕುಶಲ ಕೆಲಸಗಾರರ ವಿಭಾಗದಲ್ಲಿ ಹೋಗುವವರು, ಕೆನಡಾದಲ್ಲಿ ಆಗಲೇ ಕೆಲಸಕ್ಕಿಲ್ಲದಿದ್ದರೆ, ಇಂತಿಷ್ಟು ಹಣ ತಮ್ಮದೆಂದು ತೋರಿಸಬೇಕು. ನಮ್ಮ ಹೊತ್ತಿನಲ್ಲಿ ಮೂರು ಜನರ ಕುಟುಂಬಕ್ಕೆ 22,483 ಡಾಲರ್ ಇತ್ತು, ಹತ್ತಿರ ಹತ್ತಿರ 14 ಲಕ್ಷ ರೂಪಾಯಿ. ಈ ಮೊತ್ತ ವರ್ಷವರ್ಷ ಏರುತ್ತದೆ. ದೊಡ್ಡವರೊಬ್ಬರಿಗೆ ಆಗ 1,525 ಡಾಲರಿನ ಪಿಆರ್ ಶುಲ್ಕ ಇದರ ಮೇಲೆ ಇತ್ತು. ಹಣ ಸಾಲದ್ದಾಗಿರಬಾರದು, ಆರು ತಿಂಗಳ ಸರಾಸರಿ ಬಾಕಿ ಬ್ಯಾಂಕಿನ ಪತ್ರದಲ್ಲಿ ಕಾಣಬೇಕು.

ನಮ್ಮೂರಿನ ಹಣ ಬ್ಯಾಂಕಿನಲ್ಲಿ ಎಲ್ಲಿರುತ್ತದೆ? ಚೀಟಿಯಲ್ಲಿರುತ್ತದೆ, ಒಡವೆಯಲ್ಲಿರುತ್ತದೆ, ಭಾವಮೈದನಿಗೆ ಕೊಟ್ಟ ಕೈಸಾಲದಲ್ಲಿರುತ್ತದೆ. ಚೀಟಿ ಎತ್ತಿ ಒಂದೇ ಸಲ ಖಾತೆಗೆ ಹಾಕಿದರೆ, ಎಲ್ಲಿಂದ ಬಂತೆಂದು ವಿವರಣೆ ಕೇಳುತ್ತಾರೆ. ಒಡವೆ ಅಡ ಇಟ್ಟು ತಂದರೆ ಅದು ಸಾಲ, ಲೆಕ್ಕಕ್ಕಿಲ್ಲ. ಮಾವ ಕೃಷ್ಣಗಿರಿ ಕಡೆಯ ಮಾವಿನ ತೋಪಿನ ಫಸಲಿನ ಹಣದಲ್ಲಿ ಒಂದಿಷ್ಟು ಕೊಟ್ಟರು. ಅದಕ್ಕೆ, ಇದು ಉಡುಗೊರೆ, ವಾಪಸು ಕೊಡಬೇಕಿಲ್ಲ ಎಂದು ಸಹಿ ಮಾಡಿದ ಪತ್ರ ಬೇಕಾಯಿತು. "ಮಗನಿಗೆ ಕೊಟ್ಟಿದ್ದಕ್ಕೂ ಕಾಗದವಾ?" ಎಂದು ಗೊಣಗಿಕೊಂಡೇ ಸಹಿ ಹಾಕಿದರು. ಗಂಡನ ಜೊತೆ ಹೆಂಡತಿಯೂ ಹೊರಟಿದ್ದರೆ ಅವಳ ಖಾತೆಯ ಹಣವೂ ಲೆಕ್ಕಕ್ಕೆ ಬರುತ್ತದೆ. ಇದು ಎಷ್ಟೋ ಮನೆಗಳಲ್ಲಿ ಹೆಂಡತಿ ಹೆಸರಿಗೆ ಖಾತೆ ತೆರೆಯಲು ಮೊದಲ ಕಾರಣವಾಗಿದೆ ಎಂದರೆ ನನಗೆ ಆಶ್ಚರ್ಯವಿಲ್ಲ.

ಹಣ ಕಳಿಸುವಾಗಲೂ ಆ ಎರಡನೆಯ ಖಾತೆ ಕೆಲಸಕ್ಕೆ ಬಂತು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಆರ್ಥಿಕ ವರ್ಷಕ್ಕೆ 2.5 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು. ಅಷ್ಟು ಯಾರ ಹತ್ತಿರ ಇದೆ! ನಮಗೆ ತಾಗುವುದು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ. 2025ರ ಏಪ್ರಿಲ್‌ನಿಂದ, ಓದು ಮತ್ತು ಚಿಕಿತ್ಸೆ ಬಿಟ್ಟು ಇಂಥ ಉದ್ದೇಶಕ್ಕೆ ವರ್ಷಕ್ಕೆ 10 ಲಕ್ಷ ದಾಟಿ ಕಳಿಸಿದ ಭಾಗದ ಮೇಲೆ ಬ್ಯಾಂಕು ಶೇ. 20 ಹಿಡಿಯುತ್ತದೆ. 14 ಲಕ್ಷವನ್ನು ಗಂಡನೊಬ್ಬನೇ ಕಳಿಸಿದರೆ 80,000 ರೂಪಾಯಿ ಅಲ್ಲಿಗೆ ಸಿಕ್ಕಿಕೊಂಡಿತು. ರಿಟರ್ನ್ ಸಲ್ಲಿಸಿದ ಮೇಲೆ ವಾಪಸು ಬರುತ್ತದೆ, ನಿಜ. ಆದರೆ ಹೊಸ ದೇಶದಲ್ಲಿ ಕೆಲಸ ಹುಡುಕುತ್ತಿರುವ ತಿಂಗಳುಗಳಲ್ಲಿ ಆ 80,000 ಒಂದು ತಿಂಗಳ ಬಾಡಿಗೆಯ ದೊಡ್ಡ ಪಾಲು. ಗಂಡ ಏಳು, ಹೆಂಡತಿ ಏಳು, ಅವರವರ ಸ್ವಂತ ಖಾತೆಯಿಂದ ಕಳಿಸಿದರೆ ಟಿಸಿಎಸ್ ಸೊನ್ನೆ.

ನೋಟಿನ ರೂಪದಲ್ಲಿ ವಿದೇಶಿ ಹಣ ಒಬ್ಬರು 3,000 ಅಮೆರಿಕನ್ ಡಾಲರ್ ಬೆಲೆಯಷ್ಟು, ರೂಪಾಯಿ 25,000 ಒಯ್ಯಬಹುದು. ಉಳಿದದ್ದು ಕಾರ್ಡು, ಡ್ರಾಫ್ಟು ಅಥವಾ ವೈರ್. ಕೆನಡಾದ ಕೆಲವು ಬ್ಯಾಂಕುಗಳು ಇಲ್ಲಿಂದಲೇ ಖಾತೆ ತೆರೆಯಲು ಬಿಡುತ್ತವೆ. ಅದು ಮಾಡಿಕೊಂಡರೆ ಡ್ರಾಫ್ಟಿನ ಗೊಡವೆ ಇಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹಣ ಬದಲಾಯಿಸುವುದು, ದೇವನಹಳ್ಳಿಯಾಗಲಿ ಟೊರಾಂಟೊ ಆಗಲಿ, ಬೇಡವೇ ಬೇಡ.

ಹೆಂಗಸರು ನನ್ನನ್ನು ಹೆಚ್ಚು ಕೇಳುವುದು ಒಡವೆ ಬಗ್ಗೆ. ನೆಲೆಸಲು ಬಂದವರು ಇಳಿಯುವ ಮುಂಚೆಯೇ ತಮ್ಮದಾಗಿದ್ದು ಬಳಸುತ್ತಿದ್ದ ಸಾಮಾನನ್ನು ಸುಂಕವಿಲ್ಲದೆ ತರಬಹುದು. ಒಂದೇ ವಸ್ತು 10,000 ಡಾಲರ್ ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ಸುಂಕ. ಅದಕ್ಕೆ ಎರಡು ಪಟ್ಟಿ ಬೇಕು, ಜೊತೆಗೆ ತಂದದ್ದು ಮತ್ತು ಆಮೇಲೆ ಬರುವುದು. ಎರಡನೆಯದನ್ನು ಬಹಳ ಜನ ಖಾಲಿ ಬಿಡುತ್ತಾರೆ. ಲಾಕರಿನಲ್ಲಿ ಬಿಟ್ಟು ಬಂದ ಅಡ್ಡಿಕೆ, ಜುಮುಕಿ, ಹಿತ್ತಾಳೆ ಕೊಳಗ, ಮಗಳ ವೀಣೆ, ಮುಂದೆ ಎಂದಾದರೂ ತರುವ ಆಸೆ ಇರುವುದೆಲ್ಲ ಅಲ್ಲಿ ಬರೆಯಬೇಕು. ಬರೆಯದಿದ್ದರೆ ಮುಂದೆ ತಂದಾಗ ಸುಂಕ ಕೇಳಬಹುದು. ಒಡವೆಗೆ "ಚಿನ್ನದ ಸರ" ಎಂದಷ್ಟೇ ಬರೆದರೆ ಸಾಲದು. ನಾವು ಊರಿನ ಅಂಗಡಿಯವರಲ್ಲಿ ತೂಕ, ಕ್ಯಾರೆಟ್, ಕಲ್ಲಿನ ವಿವರ ಬರೆಸಿ, ಫೋಟೋದ ಮೇಲೆ ತಾರೀಖು ಸಹಿತ ಅವರ ಸಹಿ ಹಾಕಿಸಿಕೊಂಡೆವು. ಮೈಮೇಲೆ ಹಾಕಿಕೊಂಡು ಹೋದದ್ದನ್ನು ಮದುವೆಗೋ ಮುಂಜಿಗೋ ವಾಪಸು ತರುವವರು, ಹೊರಡುವಾಗ ಭಾರತದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳುವುದು ಕ್ಷೇಮ. ಅದಕ್ಕೆ ಸಮಯ ಹಿಡಿಯುತ್ತದೆ. ಹೊಸೂರಿನಿಂದ ಇಡೀ ಬೆಂಗಳೂರು ದಾಟಿ ದೇವನಹಳ್ಳಿ ಮುಟ್ಟಬೇಕು, ಟಿಎನ್ 70 ಗಾಡಿಯಾದರೆ ಅತ್ತಿಬೆಲೆಯಲ್ಲಿ ಪರ್ಮಿಟ್ಟಿನ ಲೆಕ್ಕ ಬೇರೆ. ಬೇಗ ಹೊರಡಿ.

ಪಿಯರ್ಸನ್‌ನಲ್ಲಿ ಭಯಪಡುವಂಥದ್ದೇನೂ ನಡೆಯಲಿಲ್ಲ. ಅಧಿಕಾರಿ ಪಿಆರ್ ದೃಢೀಕರಣ ಪತ್ರ (ಸಿಓಪಿಆರ್) ನೋಡಿದರು, ಹಣ ಎಷ್ಟಿದೆ, ಎಲ್ಲಿ ಉಳಿಯುತ್ತೀರಿ ಎಂದು ಕೇಳಿದರು, ಸಹಿ ಹಾಕಿಸಿಕೊಂಡರು. ನೋಟು, ಡ್ರಾಫ್ಟು ಸೇರಿ 10,000 ಕೆನಡಾ ಡಾಲರ್ ಅಥವಾ ಹೆಚ್ಚು ಕೈಯಲ್ಲಿದ್ದರೆ ಹೇಳಲೇಬೇಕು. ಹೇಳಿದರೆ ಒಂದು ಪೈಸೆ ತೆರಿಗೆ ಇಲ್ಲ. ಮುಚ್ಚಿಟ್ಟರೆ ಜಪ್ತಿ, ಬಿಡಿಸಿಕೊಳ್ಳಲು 250ರಿಂದ 5,000 ಡಾಲರ್ ದಂಡ. ಪಿಆರ್ ಕಾರ್ಡು ಅಂಚೆಯಲ್ಲಿ ಬರುವುದರಿಂದ ಅಲ್ಲಿಯ ವಿಳಾಸ ಬೇಕು. 180 ದಿನದೊಳಗೆ ಕೊಡದಿದ್ದರೆ ಮತ್ತೆ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು.

ಮೊದಲ ವಾರದಲ್ಲೇ ಸಾಮಾಜಿಕ ವಿಮೆಯ ಎಸ್‌ಐಎನ್ ನಂಬರು ಮಾಡಿಸಿ, ಅದು ಉಚಿತ. ಅದು ಬಂದೊಡನೆ ಮಕ್ಕಳ ಭತ್ಯೆಗೆ ತಾಯಿಯ ಹೆಸರಲ್ಲಿ ಅರ್ಜಿ ಹಾಕಿ. 2025ರ ಜುಲೈನಿಂದ ಶುರುವಾದ ವರ್ಷದಲ್ಲಿ ಆರು ದಾಟಿದ ಮಗುವಿಗೆ ಗರಿಷ್ಠ 6,748 ಡಾಲರ್ ಇತ್ತು. ಹಿಂದಿನ ವರ್ಷದ ಆದಾಯ ನೋಡಿ ಕೊಡುತ್ತಾರೆ. ಹೊಸೂರಿನ ಸಂಬಳವನ್ನು ಡಾಲರಿಗೆ ತಿರುಗಿಸಿ ಬರೆದರೆ ನಮ್ಮಲ್ಲಿ ಹೆಚ್ಚಿನವರು ಪೂರ್ತಿ ಭತ್ಯೆಯ ಮಿತಿಯೊಳಗೇ ಇರುತ್ತೇವೆ. ಮನೆ ನೋಡಲು ಹೋದಾಗ ಒಬ್ಬ ಮಾಲೀಕರು, ನಿಮಗಿನ್ನೂ ಕ್ರೆಡಿಟ್ ಇತಿಹಾಸ ಇಲ್ಲವೆಂದು ಆರು ತಿಂಗಳ ಬಾಡಿಗೆ ಮುಂಗಡ ಕೇಳಿದರು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅದು ನ್ಯಾಯವೆಂದೇ ಅನಿಸುತ್ತದೆ. ಆದರೆ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಕಾನೂನಿನಲ್ಲಿ ಮೊದಲ ತಿಂಗಳದು ಮತ್ತು ಕೊನೆಯ ತಿಂಗಳದು ಬಿಟ್ಟು ಬೇರೆ ಠೇವಣಿ ಕೇಳುವ ಹಕ್ಕು ಮಾಲೀಕರಿಗಿಲ್ಲ. ನಾವು ಬೇರೆ ಮನೆ ಹುಡುಕಿದೆವು.

ಕೊನೆಗೆ ಊರಿನ ಬ್ಯಾಂಕು. ನೆಲೆಸಲು ಹೊರಟವರು ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಓ ಆಗಿ ಬದಲಾಯಿಸಬೇಕು, ಹಳೆಯದನ್ನೇ ಸುಮ್ಮನೆ ನಡೆಸುವುದು ವಿದೇಶಿ ವಿನಿಮಯದ ಫೆಮಾ ನಿಯಮಕ್ಕೆ ವಿರುದ್ಧ. ಅದರ ಬಡ್ಡಿಗೆ ಶೇ. 30 ಟಿಡಿಎಸ್, ಮೇಲೆ ಸೆಸ್. ಕೆನಡಾದ ತೆರಿಗೆ ನಿವಾಸಿ ಪ್ರಮಾಣಪತ್ರ ಕೊಟ್ಟರೆ ಶೇ. 15ಕ್ಕೆ ಇಳಿಯುತ್ತದೆ. ಈ ಎಲ್ಲ ಕೆಲಸಕ್ಕೂ ಒಟಿಪಿ ಬರುವುದು ಹಳೆಯ ಮೊಬೈಲ್ ನಂಬರಿಗೆ. ಆ ಸಿಮ್ಮಿಗೆ ತಪ್ಪದೆ ರೀಚಾರ್ಜ್ ಮಾಡಿಸುವವರು ಯಾರು ಎಂದು ಮನೆಯಲ್ಲಿ ಕೂತು ಗೊತ್ತುಮಾಡಿಕೊಂಡೇ ಹೊರಡಿ.