ವೃದ್ಧರಲ್ಲಿ ಉಸಿರಾಟದ ವೈರಾಣು ಸೋಂಕು: ಸಾವಿನ ಅಪಾಯ ಹೆಚ್ಚಿಸುವ ಅಂಶಗಳು

2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಸಂಭವಿಸಿತು. ಮೃತರ ವಯಸ್ಸು 76; ರಕ್ತದೊತ್ತಡ ಹಾಗೂ ಉಬ್ಬಸ ಅವರಿಗೆ ಮೊದಲಿನಿಂದಲೂ ಇದ್ದವು. ಕೋವಿಡ್ ಇರಲಿ, ಫ್ಲೂ ಇರಲಿ, ವೃದ್ಧರ ಮರಣಗಳಲ್ಲಿ ಪದೇ ಪದೇ ಕಂಡುಬರುವುದು ಇದೇ ಜೋಡಿ: ಇಳಿವಯಸ್ಸು ಮತ್ತು ಹಳೆಯ ಕಾಯಿಲೆ.

ವಯಸ್ಸಾದಂತೆ ರೋಗನಿರೋಧಕ ಶಕ್ತಿ ಕುಂದುತ್ತದೆ. ಕೆಮ್ಮಿ ಕಫ ಹೊರಹಾಕುವ ಬಲವೂ ತಗ್ಗುತ್ತದೆ. ಹೃದ್ರೋಗ, ಮಧುಮೇಹ, ಮೂತ್ರಪಿಂಡದ ಕಾಯಿಲೆ ಇದ್ದವರಲ್ಲಿ ಅಪಾಯ ಇನ್ನಷ್ಟು ಹೆಚ್ಚು. ಬೀಡಿ ಸೇದುವವರ ಶ್ವಾಸಕೋಶ ದುರ್ಬಲವೆಂಬುದು ಎಲ್ಲರೂ ಬಲ್ಲ ಸಂಗತಿ. ಬೀಡಿಯನ್ನೇ ಮುಟ್ಟದೆ, ದಶಕಗಳ ಕಾಲ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದ ಅಜ್ಜಿಯರ ಶ್ವಾಸಕೋಶವೂ ಹಾಗೆಯೇ ಕೆಟ್ಟಿರಬಹುದು. ಮನೆ ಭೇಟಿಯಲ್ಲಿ ಈ ಪ್ರಶ್ನೆ ಕೇಳುವುದು ಮಾತ್ರ ಮರೆತುಹೋಗುತ್ತದೆ.

ತಡವಾಗಿ ಗುರುತಿಸುವುದೂ ಸಾವಿಗೆ ದಾರಿಯಾಗುತ್ತದೆ. ವೃದ್ಧರಲ್ಲಿ ಜ್ವರವಿಲ್ಲದೆಯೇ ಸೋಂಕು ತೀವ್ರಗೊಳ್ಳಬಹುದು. ಊಟ ಬಿಡುವುದು, ಹಠಾತ್ತನೆ ಗೊಂದಲದ ಮಾತು, ನಡೆಯುವಾಗ ಬೀಳುವುದು ಇವೇ ಮೊದಲ ಲಕ್ಷಣಗಳಾಗಿರಬಹುದು. "ವಯಸ್ಸಾಯಿತಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ. ಏದುಸಿರು ಕಾಣದಿದ್ದರೂ ರಕ್ತದ ಆಮ್ಲಜನಕ ಕುಸಿದಿರಬಹುದಾದ್ದರಿಂದ ಆಶಾ ಕಾರ್ಯಕರ್ತೆಯರು ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುವುದು ಅವಶ್ಯ. ಪ್ರಮಾಣ ಶೇ. 94ಕ್ಕಿಂತ ಕಡಿಮೆ ಇದ್ದಲ್ಲಿ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಶ್ವಾಸಕೋಶದ ಹಳೆಯ ರೋಗಿಗಳಲ್ಲಿ ಸೋಂಕಿಲ್ಲದಾಗಲೂ ಈ ಪ್ರಮಾಣ ತಗ್ಗಿರಬಹುದು. ಅಂಥವರ ಎಂದಿನ ಅಂಕಿಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಹೋಲಿಸಿ ನೋಡಲು ಅನುಕೂಲ.

ಜ್ವರ ಬಂದಿತೆಂದು ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.