ಹೊಗೆಗೊಳವೆಯ ಸೋರಿಕೆ

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ನಾವು ಸಂಸಾರಸಮೇತರಾಗಿ ಬೆಂಗಳೂರಿನಿಂದ ಮಂಗಳೂರಿಗೆ ನಮ್ಮ ಹಳೆಯ ಪೆಟ್ರೋಲು ಕಾರಿನಲ್ಲಿ ಹೊರಟಿದ್ದೆವು. ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯತೊಡಗಿದಾಗ ಮುಂದೆಲ್ಲೋ ಲಾರಿಯೊಂದು ಕೆಟ್ಟು ನಿಂತು ಗಾಡಿಗಳ ಸಾಲು ಬೆಳೆಯಿತು. ಹೊರಗೆ ಧಾರಾಕಾರ ಮಳೆ. ಗಾಜುಗಳನ್ನೆಲ್ಲ ಏರಿಸಿ, ಎಂಜಿನ್ನನ್ನು ನಿಲ್ಲಿಸದೆ ಒಳಗೇ ಕುಳಿತೆವು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಿಂದಿನ ಆಸನದಲ್ಲಿದ್ದ ಮಕ್ಕಳಿಬ್ಬರಿಗೂ ತಲೆನೋವು, ಹಿರಿಯಳಿಗೆ ಓಕರಿಕೆ. ಘಾಟಿಯ ತಿರುವುಗಳ ಫಲವೆಂದು ಮೊದಲು ಬಗೆದೆವು. ಆದರೆ ನಿಂತಲ್ಲೇ ನಿಂತಿರುವ ಕಾರಿಗೆ ತಿರುವೆಲ್ಲಿಯದು? ಈ ಪ್ರಶ್ನೆ ಹೊಳೆದೊಡನೆ ಎಂಜಿನ್ನನ್ನು ನಿಲ್ಲಿಸಿ, ಮಳೆಯಲ್ಲಿಯೇ ಎಲ್ಲರೂ ಕೆಳಗಿಳಿದೆವು. ದಾರಿ ತೆರೆದ ಮೇಲೆ ಗಾಜುಗಳನ್ನೆಲ್ಲ ಇಳಿಸಿಕೊಂಡು ನೆನೆಯುತ್ತಲೇ ಗುಂಡ್ಯವನ್ನು ಮುಟ್ಟಿ, ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದೆವು.

ಎರಡು ತಿಂಗಳ ಹಿಂದೆ ಆ ಕಾರಿಗೆ ಹೊಸ ಹೊಗೆಗೊಳವೆಯನ್ನೂ ಸೈಲೆನ್ಸರನ್ನೂ ಹಾಕಿಸಿದ್ದೆವು. ಮೂಲ ತಯಾರಕರ ಸಾಮಾನಿಗೆ ಹೇಳಿದ ಬೆಲೆಯ ಮೂರನೆಯ ಒಂದು ಪಾಲಿಗೆ ದೊರೆತ ಅಗ್ಗದ ಸರಕು ಅದು. ಅಂದಿನಿಂದಲೇ, ಬೆಳಗ್ಗೆ ತಣ್ಣನೆಯ ಎಂಜಿನ್ನು ಹೊರಡುವಾಗ ಕೆಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ಗಾಡಿ ಬಿಸಿಯಾದಂತೆ ಕುಗ್ಗುತ್ತಿತ್ತು. ಲೋಹವು ಕಾದು ಹಿಗ್ಗಿ ಬಿರುಕು ಕಿರಿದಾಗುತ್ತದೆ. ಆದ್ದರಿಂದ ಸದ್ದು ಇಳಿಯುತ್ತದೆ. ಬಿರುಕು ಪೂರ್ಣವಾಗಿ ಮುಚ್ಚಿತೆಂದು ಇದರ ಅರ್ಥವಲ್ಲ. ವಿಜ್ಞಾನವನ್ನು ಓದಿಯೂ ಇಷ್ಟನ್ನು ಯೋಚಿಸದೆ ಹೋದುದು ನಮ್ಮದೇ ತಪ್ಪು.

ಸೋರಿದ ಅನಿಲದಲ್ಲಿ ಇದ್ದುದೇನು? ಪೆಟ್ರೋಲು ಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡೂ ನೀರಿನ ಆವಿಯೂ ಹುಟ್ಟುತ್ತವೆ. ಆದರೆ ಸಿಲಿಂಡರಿನೊಳಗೆ ದಹನಕ್ಕೆ ದೊರೆಯುವ ಕಾಲ ಅತ್ಯಲ್ಪ. ಅಲ್ಲಲ್ಲಿ ಆಮ್ಲಜನಕವು ಸಾಲದೆ ಇಂಗಾಲದ ಮಾನಾಕ್ಸೈಡೂ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೂಕದಲ್ಲಿ ಗಾಳಿಗೆ ಬಹುಮಟ್ಟಿಗೆ ಸಮ. ಈ ಅನಿಲವು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆಂಬುದನ್ನು ಫ್ರಾನ್ಸಿನ ಕ್ಲೋಡ್ ಬರ್ನಾರ್ಡನು 1850ರ ದಶಕದಲ್ಲಿ ತೋರಿಸಿಕೊಟ್ಟನು. ಬ್ರಿಟನ್ನಿನ ಜೆ. ಎಸ್. ಹಾಲ್ಡೇನನು 1895ರಲ್ಲಿ ಅದನ್ನು ತಾನೇ ಉಸಿರಾಡಿ ಅದರ ಪರಿಣಾಮಗಳನ್ನು ಬರೆದಿಟ್ಟನು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕವನ್ನು ಮಾಡಿನೋಡಬೇಕು. ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಮಾನಾಕ್ಸೈಡಿನ ಮೇಲೆ ಸುಮಾರು 210 ಪಟ್ಟು ಹೆಚ್ಚು ಒಲವು. ಗಾಳಿಯಲ್ಲಿ ಆಮ್ಲಜನಕವು ಶೇಕಡಾ 21. ಹಾಗಾದರೆ ಶೇಕಡಾ 0.1ರಷ್ಟು, ಎಂದರೆ ಸಾವಿರಕ್ಕೆ ಒಂದು ಪಾಲು, ಮಾನಾಕ್ಸೈಡು ಸೇರಿದರೆ ಸಾಕು. ಎರಡೂ ಸರಿಸಮ ಬಲದ ಪ್ರತಿಸ್ಪರ್ಧಿಗಳಾಗುತ್ತವೆ. ಅಂಥ ಗಾಳಿಯಲ್ಲಿ ಬಹಳ ಹೊತ್ತು ಇದ್ದವನ ಹಿಮೋಗ್ಲೋಬಿನ್ನಿನ ಅರ್ಧದಷ್ಟು ನಿರುಪಯುಕ್ತವಾಗಿಬಿಡುತ್ತದೆ. ಅಲ್ಲಿಗೆ ತಲೆನೋವಿನ ಹಂತ ದಾಟಿ ಪ್ರಾಣದ ಪ್ರಶ್ನೆ ಬಂದಿರುತ್ತದೆ. ಪರಿವರ್ತಕವನ್ನು ಇನ್ನೂ ಹಾಯದ ಹೊಗೆಯಲ್ಲಾದರೋ ಈ ಅನಿಲವು ಶೇಕಡಾ ಒಂದನ್ನು ಮೀರುವುದುಂಟು. ಶುದ್ಧವಾದ ಗಾಳಿಗೆ ಬಂದ ಮೇಲೂ ರಕ್ತದಲ್ಲಿ ಸೇರಿದುದರ ಅರ್ಧವು ಕಳೆಯಲು ನಾಲ್ಕೈದು ಗಂಟೆಗಳು ಬೇಕು. ನಮ್ಮ ಮಕ್ಕಳ ತಲೆನೋವು ಮಂಗಳೂರಿನವರೆಗೂ ಇಳಿಯದಿದ್ದುದು ಇದಕ್ಕೆ ಹೊಂದುತ್ತದೆ. ಇಂಥ ಸಂದರ್ಭದಲ್ಲಿ ವೈದ್ಯರು ಶುದ್ಧ ಆಮ್ಲಜನಕವನ್ನು ಕೊಟ್ಟು ಆ ಅವಧಿಯನ್ನು ಸುಮಾರು ಒಂದೂವರೆ ಗಂಟೆಗೆ ಇಳಿಸುತ್ತಾರೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಮಾತ್ರ ಈ ವಿಷಯದಲ್ಲಿ ನಂಬಲಾಗದು. ಮಾನಾಕ್ಸೈಡು ಕೂಡಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕಯುಕ್ತವೆಂದೇ ಓದಿ, ಎಲ್ಲವೂ ಸರಿಯಿದೆಯೆಂದು ತೋರಿಸುತ್ತದೆ.

ಮೆಕ್ಯಾನಿಕ್ಕರು ಕಾರನ್ನು ಎತ್ತಿ ತೋರಿಸಿದಾಗ ಎಲ್ಲವೂ ಸ್ಪಷ್ಟವಾಯಿತು. ಎಂಜಿನ್ನಿನಿಂದ ಇಳಿಯುವ ಕೊಳವೆಯೂ ಹೊಸ ಕೊಳವೆಯೂ ಸೇರುವೆಡೆಯಲ್ಲಿ, ಪರಿವರ್ತಕಕ್ಕಿಂತ ಮುಂಚೆಯೇ, ಕರಿಯ ಮಸಿಯ ಗೆರೆಯೊಂದು ಬೀಸಣಿಗೆಯಂತೆ ಹರಡಿತ್ತು. ಹಿಂದಿನ ಆಸನದ ಕೆಳಗೆ ನೆಲದ ತಗಡಿನ ರಬ್ಬರು ಬಿರಡೆಯೊಂದು ಉದುರಿಹೋಗಿತ್ತು. ಹೊಗೆಗೆ ಅದೇ ಬಾಗಿಲು.

ಅಗ್ಗದ ಸಾಮಾನಿನ ಗುಣವನ್ನು ಆ ಜೋಡಣೆಯಲ್ಲಿಯೇ ಓದಬಹುದಾಗಿತ್ತು. ಫ್ಲಾಂಜಿನ ತಗಡು ತೆಳುವಾದುದು. ಬಿಗಿ ಸಾಲದೆಂದು ಎರಡು ಬೋಲ್ಟುಗಳನ್ನು ಬಲವಾಗಿ ತಿರುಗಿಸಿದಷ್ಟೂ ತುದಿಗಳು ಸಮೀಪಿಸಿ ನಡುವೆ ಬಿಲ್ಲಿನಂತೆ ಬಾಗಿತ್ತು. ಬಿಗಿಯೇ ಬಿರುಕನ್ನು ದೊಡ್ಡದು ಮಾಡಿತ್ತು! ಇದಲ್ಲದೆ ಒಂದು ಮೀಟರು ಉದ್ದದ ಉಕ್ಕಿನ ಕೊಳವೆ 300 ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾದರೆ ಸುಮಾರು ಮೂರೂವರೆ ಮಿಲಿಮೀಟರು ಬೆಳೆಯುತ್ತದೆ. ಕೊಳವೆಯ ಬಾಗು ಅಳತೆಗೆ ತಕ್ಕಂತಿಲ್ಲದೆ ಎಳೆದು ಕೂರಿಸಿದ್ದರೆ, ಈ ಬೆಳೆತದ ಒತ್ತಡವೆಲ್ಲ ಜೋಡಣೆಯ ಮೇಲೆಯೇ ಬೀಳುತ್ತದೆ. ತುಕ್ಕಿನ ಕಥೆ ಬೇರೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರು ಹುಟ್ಟುತ್ತದೆ. ಅಲ್ಪ ದೂರದ ಓಡಾಟದಲ್ಲಿ ಸೈಲೆನ್ಸರು ಸಾಕಷ್ಟು ಕಾಯದೆ, ಆ ನೀರು ಅಲ್ಲಿಯೇ ನಿಂತು ಆಮ್ಲೀಯವಾಗಿ ಒಳಗಿನಿಂದ ಲೋಹವನ್ನು ತಿನ್ನುತ್ತದೆ. ಉತ್ತಮ ಕೊಳವೆಗಳಲ್ಲಿ ಶೇಕಡಾ 11ರಷ್ಟಾದರೂ ಕ್ರೋಮಿಯಂ ಬೆರೆತಿರುತ್ತದೆ. ಅಗ್ಗದ ಕೊಳವೆಗೆ ಹೊರಮೈಯ ಬಣ್ಣವೇ ರಕ್ಷೆ.

ಬಿರುಕಿನಿಂದ ಅನಿಲವು ಹೊರಗೆ ಮಾತ್ರ ಹೋಗುವುದೆಂದು ತಿಳಿಯಬಾರದು. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಕೊಳವೆಯಲ್ಲಿ ಸೆಕೆಂಡಿಗೆ 100 ಒತ್ತಡದ ಅಲೆಗಳು ಸಾಗುತ್ತವೆ. ಅಲೆಯ ಹಿಂದೆ ಒತ್ತಡವು ಕ್ಷಣಕಾಲ ಹೊರಗಿನ ಗಾಳಿಗಿಂತಲೂ ಕಡಿಮೆಯಾಗಬಹುದು. ಆಗ ಹೊರಗಿನ ಗಾಳಿ ಒಳನುಗ್ಗುತ್ತದೆ. ಅದರ ಮುಂದೆ ಆಮ್ಲಜನಕದ ಸಂವೇದಕವಿದ್ದರೆ ಅದು ಮೋಸಹೋಗುತ್ತದೆ. ಇಂಧನವು ಸಾಲದೆಂದು ಬಗೆದ ಗಣಕವು ಇನ್ನಷ್ಟು ಪೆಟ್ರೋಲನ್ನು ಸುರಿಯುತ್ತದೆ. ಮಾನಾಕ್ಸೈಡು ಇನ್ನೂ ಹೆಚ್ಚುತ್ತದೆ. ಬಾಲದ ತುದಿಯಲ್ಲಿ ನಡೆಸುವ ಹೊಗೆತಪಾಸಣೆಯಲ್ಲಿ ಗಾಡಿಯು ತೇರ್ಗಡೆಯಾದ ಮಾತ್ರಕ್ಕೆ ನಡುದಾರಿಯ ಸೋರಿಕೆ ಇಲ್ಲವೆಂದಾಗದು.

ಪತ್ತೆಮಾಡುವ ವಿಧಾನ ಸುಲಭವಾದುದು. ಗಾಡಿಯು ರಾತ್ರಿಯಿಡೀ ತಣಿದಿರಬೇಕು. ಬಯಲಿನಲ್ಲಿ ನಿಂತಿರಬೇಕು, ಮುಚ್ಚಿದ ಷೆಡ್ಡಿನಲ್ಲಿ ಎಂದಿಗೂ ಅಲ್ಲ. ಬರಿಯ ಜಾಕಿನ ಆಧಾರದಲ್ಲಿ ಎತ್ತಿದ ಕಾರಿನ ಕೆಳಗೆ ತಲೆಯಿಡಕೂಡದು. ಎಂಜಿನ್ನನ್ನು ಚಾಲನೆ ಮಾಡದೆಯೇ, ವ್ಯಾಕ್ಯೂಂ ಕ್ಲೀನರಿನ ಗಾಳಿಯೂದುವ ಬಾಯಿಯನ್ನು ಬಾಲದ ಕೊಳವೆಗೆ ಚಿಂದಿಬಟ್ಟೆಯಿಂದ ಸುತ್ತಿ ಸಿಕ್ಕಿಸಿ, ಜೋಡಣೆಗಳಿಗೆಲ್ಲ ಸಾಬೂನಿನ ನೀರನ್ನು ಹಚ್ಚಬೇಕು. ಸೋರುವೆಡೆಯಲ್ಲಿ ಗುಳ್ಳೆ ಏಳುತ್ತದೆ. ಪಂಕ್ಚರು ಹಾಕುವವನು ಟ್ಯೂಬನ್ನು ನೀರಿನಲ್ಲಿ ಅದ್ದಿದಂತೆಯೇ.

ರಿಪೇರಿಯಲ್ಲಿ ನಮ್ಮ ಅಭಿಪ್ರಾಯ ಹೀಗೆ. ಡಬ್ಬಿಯಲ್ಲಿ ದೊರೆಯುವ ಸೈಲೆನ್ಸರ್ ಪೇಸ್ಟು, ಒಂದು ಕೊಳವೆ ಇನ್ನೊಂದರೊಳಗೆ ಸೇರುವಲ್ಲಿ ಮೊದಲೇ ಸವರಿ ಕ್ಲಾಂಪು ಹಾಕಿದರೆ, ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ತೂತಿನ ಮೇಲೆ ಹೊರಗಿನಿಂದ ಮೆತ್ತಿದ್ದು ಬಿಸಿಯ ಹಿಗ್ಗು ಕುಗ್ಗುಗಳಿಗೆ ಬಿರಿದು ಉದುರುತ್ತದೆ. ಪರಿವರ್ತಕಕ್ಕೆ ಮುಂಚಿನ ಸೋರಿಕೆಗಂತೂ ಅದು ಮದ್ದೇ ಅಲ್ಲ. ತುಕ್ಕು ತಿಂದು ತೆಳುವಾದ ತಗಡಿಗೆ ಬೆಸುಗೆ ಹಿಡಿಯದು. ಲೋಹವು ಗಟ್ಟಿಯಾಗಿದ್ದರೆ ಬೆಸೆಯಬಹುದು, ವಿದ್ಯುತ್ ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿಯನ್ನು ಬಿಚ್ಚಿರಬೇಕು. ನಮ್ಮ ಕಾರಿಗೆ ದಪ್ಪ ಫ್ಲಾಂಜನ್ನು ಬೆಸೆದು, ಉಕ್ಕಿನ ಪಟ್ಟಿಯನ್ನು ಅಡ್ಡಲಾಗಿ ಇಟ್ಟು ಸಮತಲವೇ ಎಂದು ನೋಡಿ, ಹೊಸ ಗ್ಯಾಸ್ಕೆಟ್ಟನ್ನು ಹಾಕಿದರು. ಇಡೀ ಸಾಲನ್ನು ರಬ್ಬರು ತೂಗುಗಳಿಂದ ಸಡಿಲವಾಗಿ ನೇತುಹಾಕಿ, ಎಲ್ಲಿಯೂ ಎಳೆತವಿಲ್ಲವೆಂದು ಖಾತ್ರಿಯಾದ ಮೇಲೆಯೇ ಎಂಜಿನ್ನಿನ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿದರು. ಹೊಸ ರಬ್ಬರು ಬಿರಡೆಗೆ ತಗಲಿದ ವೆಚ್ಚ ನಗಣ್ಯ.

ಸಾಬೂನಿನ ನೀರು ಹಚ್ಚಿದಾಗ ಸೈಲೆನ್ಸರಿನ ತಳದಲ್ಲಿಯೂ ಒಂದೆಡೆ ಗುಳ್ಳೆ ಎದ್ದಿತು. ಅದನ್ನೂ ಮುಚ್ಚಿರೆಂದು ನಾವು ಆತುರಪಟ್ಟೆವು. ಮೆಕ್ಯಾನಿಕ್ಕರು ನಕ್ಕು, ಅದು ನೀರು ಬಸಿದುಹೋಗಲೆಂದು ತಯಾರಕರೇ ಕೊರೆದ ಸಣ್ಣ ರಂಧ್ರವೆಂದು ತಿಳಿಸಿ, ಹಾಗೆಯೇ ಬಿಟ್ಟರು.