ಹಳೆಯ ಪದ್ಧತಿ: ಬಿಡುವುದು ಯಾವುದು, ಉಳಿಸುವುದು ಯಾವುದು?

ಸಂಘದ ಸಭೆಗಳಲ್ಲಿ ಎರಡು ಮಾತು ಪದೇ ಪದೇ ಕೇಳಿಬರುತ್ತವೆ. "ಅಜ್ಜನ ಕಾಲದಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ" ಎಂಬುದು ಒಂದು; "ಅದೆಲ್ಲ ಹಳೇ ಕಾಲದ್ದು, ಬಿಡಿ" ಎಂಬುದು ಇನ್ನೊಂದು. ಇವೆರಡರಿಂದಲೂ ತೋಟ ಉಳಿಯದು. ಒಂದು ಪದ್ಧತಿ ಯಾವ ಕೆಲಸಕ್ಕಾಗಿ ಹುಟ್ಟಿತು, ಆ ಕೆಲಸವನ್ನು ಈಗ ಯಾವುದು ಮಾಡುತ್ತಿದೆ ಎಂದು ಮೊದಲು ಕೇಳಬೇಕು. ಮೂರು ಉದಾಹರಣೆಗಳನ್ನು ನೋಡೋಣ.

1. ಕೊಟ್ಟೆ

ಕೊಳೆರೋಗಕ್ಕೆ ಹೆದರಿ ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು. ಗೊನೆ ನೆನೆಯದಿದ್ದರೆ ಕೊಳೆ ತಗಲುವುದು ಕಡಿಮೆ ಎಂದು ಅವರು ಅನುಭವದಿಂದ ಅರಿತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಭ್ಯಸಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಇಲ್ಲಿ ಉದ್ದೇಶ ಉಳಿಯಿತು, ಸಾಧನ ಬದಲಾಯಿತು.

ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಅಂದು ಕಲಸಿದ್ದನ್ನು ಅಂದೇ ಮುಗಿಸಬೇಕು. ಮಳೆ ಹಿಡಿಯುವ ಮುಂಚೆ ಒಮ್ಮೆ, 40–45 ದಿನಗಳ ನಂತರ ಹೊಳವು ನೋಡಿಕೊಂಡು ಮತ್ತೊಮ್ಮೆ ಹೊಡೆಯಬೇಕು.

2. ಮುಯ್ಯಾಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ನಮ್ಮಂತೆ ಕಾಫಿ, ಅಡಿಕೆಯ ನಾಡಲ್ಲ. ಕರಿಮಣ್ಣು, ಜೋಳ, ಕಬ್ಬಿನ ನಾಡು. ಆದರೂ ಅಲ್ಲಿಂದ ಕಲಿಯುವುದಿದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿದರು. 'ಶ್ರಮಬಿಂದು ಸಾಗರ' ಎಂಬುದು ಅದರ ಹೆಸರು. ನಾಲ್ಕು ಮನೆಯವರು ಒಬ್ಬರ ಹೊಲಕ್ಕೆ ಇಳಿಯುವ ಮುಯ್ಯಾಳಿನ ಬುದ್ಧಿಯೇ ಇಲ್ಲಿ ನದಿಯಷ್ಟು ಅಗಲಕ್ಕೆ ಬೆಳೆಯಿತು. ನಮ್ಮ ಸಹಕಾರ ಸಂಘಗಳ ಬೇರೂ ಅದೇ.

3. ಬಸಿಗಾಲುವೆ

ಅದೇ ಸೀಮೆಯ ಇನ್ನೊಂದು ಪಾಠ ಕಹಿಯಾದುದು. ಕಾಲುವೆ ನೀರು, ಏತ ನೀರಾವರಿ ಬಂದ ಮೇಲೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಆದಾಯ ಹೆಚ್ಚಿತು, ನಿಜ. ಆದರೆ ಕರಿಮಣ್ಣಿನಲ್ಲಿ ನೀರು ಬೇಗ ಬಸಿಯದು. ಬಿಟ್ಟ ನೀರಿಗೆ ಹೊರದಾರಿ ಇಲ್ಲದ ಕಡೆ ಅಂತರ್ಜಲ ಮೇಲೇರಿತು. ಅದರೊಡನೆ ಬಂದ ಲವಣ, ನೀರು ಆರಿದ ಮೇಲೆ ಮೇಲ್ಮಣ್ಣಿನಲ್ಲಿ ಬೆಳ್ಳಗೆ ಉಳಿಯಿತು. ಹೀಗೆ ಹಲವು ಹೊಲಗಳು ಸವಳು-ಜವಳಾದವು. ಅಂಥ ನೆಲವನ್ನು ತಿದ್ದಲು ಆಳದ ಬಸಿಗಾಲುವೆ, ಹಸಿರೆಲೆ ಗೊಬ್ಬರ, ಕ್ಷಾರ ಹೆಚ್ಚಿದಲ್ಲಿ ಜಿಪ್ಸಂ ಎಲ್ಲವೂ ಬೇಕು, ವರ್ಷಗಳೇ ಹಿಡಿಯುತ್ತವೆ.

ನಮ್ಮ ಮಳೆಯ ಸೀಮೆಯಲ್ಲಿ ಲವಣದ ಭಯ ಕಡಿಮೆ. ಬೇರು ಕೊಳೆಯುವ ಭಯ ಹೆಚ್ಚು. ಹಿರಿಯರು ತೋಟ ಹಾಕುವಾಗಲೇ ಬಸಿಗಾಲುವೆ ತೋಡುತ್ತಿದ್ದುದು ಇದಕ್ಕೇ. ಕೊಟ್ಟೆಗೆ ಬದಲಾಗಿ ಬೋರ್ಡೋ ಬಂತು. ಬಸಿಗಾಲುವೆಗೆ ಬದಲಿ ಇನ್ನೂ ಬಂದಿಲ್ಲ. ಕೊಳವೆಬಾವಿ, ತುಂತುರು, ಹನಿ ನೀರಾವರಿ ಇವೆಲ್ಲ ನೀರು ತರುವ ಸಾಧನಗಳು. ಹೆಚ್ಚಾದ ನೀರನ್ನು ಹೊರಗೆ ಒಯ್ಯುವ ಸಾಧನಗಳಲ್ಲ. ಆದರೂ ಆಳಿನ ಕೊರತೆ ಬಂದಾಗ ನಾವು ಮೊದಲು ಕೈಬಿಡುವುದು ಕಾಲುವೆ ಎತ್ತುವ ಕೆಲಸವನ್ನೇ.

ಆದುದರಿಂದ ಸದಸ್ಯ ಬಾಂಧವರಲ್ಲಿ ವಿನಂತಿ: ಮುಂಗಾರಿಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ತೋಟದ ಕಾಲುವೆಯುದ್ದಕ್ಕೂ ಒಮ್ಮೆ ನಡೆದು ನೋಡಿರಿ. ಹೂಳು ತೆಗೆಯಿರಿ, ಕಾಲುವೆಯ ತಳ ಬೇರಿನ ಮಟ್ಟಕ್ಕಿಂತ ಕೆಳಗಿರಲಿ. ನಿಮ್ಮ ನೀರು ನೆರೆಯವರ ತೋಟದಲ್ಲಿ ನಿಲ್ಲದಂತೆ ಅವರೊಡನೆ ಕೂತು ದಾರಿ ಗೊತ್ತುಮಾಡಿರಿ. ಆಳು ಸಿಗದಿದ್ದರೆ ನಾಲ್ಕು ಮನೆಯವರು ಮುಯ್ಯಾಳಿಗೆ ಸೇರಿರಿ. ಹಿರಿಯರಿಗೆ ಗೌರವ ಸಲ್ಲಿಸಲು ಇದಕ್ಕಿಂತ ಒಳ್ಳೆಯ ದಾರಿ ಕಾಣದು.